ಕೆಳಗೆ ಬರೆಯುತ್ತಿದ್ದಾಕೆ

ಮೈಸೂರಿನ ಪ್ರೆಸ್ಸುಗಳಲ್ಲಿ ಅಚ್ಚಿನ ಮೊಳೆ ಜೋಡಿಸುವವರ ಕಾಲ ಮುಗಿದು ಕಂಪ್ಯೂಟರಿನ ಮುಂದೆ ಕೂರುವವರ ಕಾಲ ಶುರುವಾದಾಗ ನಾನು ಕೆಲಸಕ್ಕೆ ಸೇರಿದೆ. ಅದು ತೊಂಬತ್ತರ ದಶಕದ ನಡುಭಾಗ. ನಮ್ಮನ್ನು ಡಿ.ಟಿ.ಪಿ. ಆಪರೇಟರ್ ಎನ್ನುತ್ತಿದ್ದರು. ಲಗ್ನಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಸಂಶೋಧಕರ ಪ್ರಬಂಧ, ಯಾರು ಏನು ತಂದುಕೊಟ್ಟರೂ ಟೈಪ್ ಮಾಡಿ ಪುಟ ಕಟ್ಟಿಕೊಡಬೇಕು. ಎದುರಿಗಿದ್ದ ಕೈಬರಹದ ಮೇಲೆ ಒಂದು ಕಣ್ಣು, ಪರದೆಯ ಮೇಲೆ ಇನ್ನೊಂದು ಕಣ್ಣು. ಬರೆದವರು ಏನು ಹೇಳುತ್ತಿದ್ದಾರೆ ಎನ್ನುವುದರ ಕಡೆ ಗಮನ ಹರಿಸಿದರೆ ಕೈ ನಿಧಾನವಾಗುತ್ತಿತ್ತು. ಹಾಗಾಗಿ ಗಮನ ಹರಿಸದೆ ಓದುವುದನ್ನು ಕಲಿತೆ. ಅದನ್ನು ಆಗ ಜಾಣತನ ಎಂದುಕೊಂಡಿದ್ದೆ.

ಆ ದಿನಗಳಲ್ಲಿ ಕಂಪ್ಯೂಟರಿನ ಒಳಗಿದ್ದ ಕನ್ನಡ ನಿಜವಾಗಿ ಕನ್ನಡವೇ ಅಲ್ಲ. ಒಳಗಿದ್ದದ್ದು ಇಂಗ್ಲಿಷಿನ ಅಕ್ಷರಗಳು ಮತ್ತು ಚಿಹ್ನೆಗಳು. ಅವುಗಳ ಮೇಲೆ ಕನ್ನಡದ ಫಾಂಟ್ ಇದ್ದರೆ ಮಾತ್ರ ಪರದೆಯಲ್ಲಿ ಕನ್ನಡ ಕಾಣುತ್ತಿತ್ತು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತವನ್ನು ತೆರೆದರೆ ಬರೀ ಗೀಟು, ಚುಕ್ಕೆ, ಕೊಕ್ಕೆ. ಅದೇ ಕೆಲಸ ಮಾಡಿ ಮಾಡಿ ನನಗೆ ಆ ಗೀಟು ಕೊಕ್ಕೆಗಳನ್ನೇ ಓದುವುದು ಬಂದುಬಿಟ್ಟಿತ್ತು. ತಲೆಯ ಮೇಲೆ ಓರೆಗೀಟಿರುವ ಇಂಗ್ಲಿಷಿನ ಎ ಕಂಡರೆ ಅದು ತಲೆಕಟ್ಟು, ಹೀಗೆ. ಪ್ರೆಸ್ಸಿನಲ್ಲಿ ಅದನ್ನು ಒಂದು ತಮಾಷೆಯಾಗಿ ಬಂದವರಿಗೆಲ್ಲ ತೋರಿಸುತ್ತಿದ್ದರು.

ಅದೇ ಕಾರಣಕ್ಕೆ ನನಗೆ ಎರಡನೆಯ ಕೆಲಸ ಸಿಕ್ಕಿತು. ಹೊಸ ಶತಮಾನ ಶುರುವಾಗಿ ಕೆಲವು ವರ್ಷ ಕಳೆದಿದ್ದವು. ರಾಮಕೃಷ್ಣನಗರದ ಒಂದು ಮನೆಯ ಮಹಡಿಯಲ್ಲಿ ಒಬ್ಬರು ಕನ್ನಡ ಬ್ಲಾಗುಗಳ ಸೇವೆ ನಡೆಸುತ್ತಿದ್ದರು. ಅವರ ತಂದೆ, ಅಣ್ಣಂದಿರದು ಸಂತೇಪೇಟೆಯಲ್ಲಿ ದಿನಸಿ ಮಂಡಿ. ಇವರು ಮಾತ್ರ ಮಠದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದು, ಅದನ್ನು ಬಿಟ್ಟು ಇದಕ್ಕೆ ಇಳಿದಿದ್ದರು. ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ಮಹಡಿ ಹತ್ತಿ ಬಂದು ಕೂತರೆ ಊಟಕ್ಕೇ ಇಳಿಯುವುದು. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಅವರು ನನ್ನನ್ನು ಅಮ್ಮ ಎನ್ನುತ್ತಿದ್ದರು. ಅಂತರ್ಜಾಲದಲ್ಲಿ ಕನ್ನಡ ಕಾಣುವುದೇ ಅಪರೂಪವಾಗಿದ್ದಾಗ, ಯಾರು ಬೇಕಾದರೂ ಬಂದು ತಮ್ಮದೇ ಒಂದು ಪುಟ ತೆರೆದು ಬರೆಯಲಿ ಎನ್ನುವುದು ಅವರ ಆಸೆ. ಮೇಲೆ ಬರೆದವರ ಬರಹ, ಅದರ ಕೆಳಗೆ ಓದಿದವರ ಪ್ರತಿಕ್ರಿಯೆ. ಬ್ಲಾಗ್ ತೆರೆಯುವವರು ಹೆಸರು, ಇ-ಮೇಲ್ ವಿಳಾಸ ಕೊಟ್ಟು ಸದಸ್ಯರಾಗಬೇಕಿತ್ತು. ಕೆಳಗೆ ಪ್ರತಿಕ್ರಿಯೆ ಬರೆಯುವವರಿಗೆ ಏನೂ ಬೇಕಿರಲಿಲ್ಲ. ಬಾಯಿಗೆ ಬಂದ ಹೆಸರು ಹಾಕಿ ಬರೆದು ಕಳಿಸಿದರೆ ಆಯಿತು.

ಫಾಂಟ್ ಕಾಣುತ್ತಿಲ್ಲ, ಒತ್ತಕ್ಷರ ಮೂಡುತ್ತಿಲ್ಲ ಎಂದು ಫೋನ್ ಮಾಡುವವರಿಗೆ ದಾರಿ ಹೇಳಿಕೊಡುವುದು ನನ್ನ ಕೆಲಸ. ಕವಿತೆ ಬರೆಯುವ ಬಸ್ ಕಂಡಕ್ಟರ್ ಇದ್ದರು, ಅಡುಗೆ ಬರೆಯುವ ಗೃಹಿಣಿಯರಿದ್ದರು, ಹಳೆಯ ಕಚೇರಿಯ ಜಗಳಗಳನ್ನು ಬರೆಯುವ ನಿವೃತ್ತ ಗುಮಾಸ್ತರಿದ್ದರು. ಯಾದವಗಿರಿಯಲ್ಲಿ ಒಬ್ಬ ಹಿರಿಯರಿದ್ದರು. ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದು ನಿವೃತ್ತರಾದವರು. ತಮ್ಮ ಮನೆಯ ಬೀದಿಯಲ್ಲಿ ಯಾವ ಮರ ಚಿಗುರಿತು, ಯಾವುದು ಹೂ ಬಿಟ್ಟಿತು ಎಂದು ವಾರಕ್ಕೆ ಎರಡು ಸಲ ಬರೆಯುತ್ತಿದ್ದರು. ಎರಡು ಪ್ಯಾರಾಕ್ಕಿಂತ ಹೆಚ್ಚು ಎಂದೂ ಇಲ್ಲ. ಹೆಚ್ಚು ಜನ ಓದುತ್ತಲೂ ಇರಲಿಲ್ಲ. ಫೋನ್ ಮಾಡಿದಾಗಲೆಲ್ಲ, ತೊಂದರೆ ಕೊಟ್ಟೆ ಕ್ಷಮಿಸಮ್ಮ ಎಂದೇ ಮಾತು ಶುರು ಮಾಡುತ್ತಿದ್ದರು.

ನಮ್ಮ ಬ್ಲಾಗುಗಳು ನಡೆಯುತ್ತಿದ್ದ ತಂತ್ರಾಂಶವನ್ನು ಸರ್ ಅವರ ಸ್ನೇಹಿತರೊಬ್ಬರು ಹಿಂದೆ ಬರೆದುಕೊಟ್ಟಿದ್ದರು. ಆ ಸ್ನೇಹಿತರು ಕೈಬಿಟ್ಟು ಬಹಳ ದಿನವಾಗಿತ್ತು. ಅದು ಹಳೆಯದಾಗಿ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ಅಷ್ಟರಲ್ಲಿ ಯೂನಿಕೋಡ್ ಬಂತು, ಎಂದರೆ ಫಾಂಟಿನ ಹಂಗಿಲ್ಲದೆ ಯಾವ ಕಂಪ್ಯೂಟರಿನಲ್ಲಾದರೂ ಕಾಣುವ ನಿಜವಾದ ಕನ್ನಡ. ಎಲ್ಲರೂ ಅದನ್ನೇ ಕೇಳತೊಡಗಿದರು. ಇದರ ನಡುವೆ, ನಮ್ಮ ಪುಟಗಳನ್ನೆಲ್ಲ ಇಟ್ಟುಕೊಂಡಿದ್ದ ದೂರದ ಸರ್ವರಿನ ಕಂಪನಿಯಿಂದ ಒಂದು ಪತ್ರ ಬಂತು. ಹಳೆಯ ಯಂತ್ರಗಳನ್ನು ನಿಲ್ಲಿಸುತ್ತಿದ್ದೇವೆ, ಬರುವ ತಿಂಗಳ ಕೊನೆಯೊಳಗೆ ನಿಮ್ಮದನ್ನು ತೆಗೆದುಕೊಂಡು ಹೋಗಿ ಎಂದು. ಸರ್ ಆ ಪತ್ರವನ್ನು ಎರಡು ಸಲ ಓದಿ, ಒಳ್ಳೆಯದೇ ಆಯಿತು, ಒಂದೇ ಸಲಕ್ಕೆ ಹೊಸ ಮನೆಗೆ ಹೋಗಿಬಿಡೋಣ ಎಂದರು.

ಈ ಕೆಲಸಕ್ಕೆಂದು ಒಬ್ಬ ಎಂಜಿನಿಯರನ್ನು ಕರೆಸಿದರು. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪ್ರೋಗ್ರಾಮನ್ನು ಅವರು ಬರೆದರು. ಯಾವ ಗೀಟು ಯಾವ ಅಕ್ಷರ ಎನ್ನುವ ಪಟ್ಟಿಯನ್ನು ನಾನು ಮಾಡಿಕೊಟ್ಟೆ. ಮೊದಲ ಬರಹ ಸರಿಯಾಗಿ ತಿರುಗಿ ಪರದೆಯ ಮೇಲೆ ಬಂದಾಗ ಮೂವರೂ ಎದ್ದು ನಿಂತು ನೋಡಿದೆವು. ನನಗೆ ನಿಜಕ್ಕೂ ಕಣ್ಣು ತುಂಬಿತ್ತು.

ಬರಹಗಳು ಹೀಗೆ ಒಂದರ ಹಿಂದೆ ಒಂದು ಹೊಸ ಜಾಗಕ್ಕೆ ಹೋದವು. ಪ್ರತಿಕ್ರಿಯೆಗಳು ಹೋಗಲಿಲ್ಲ. ಜನ ಬರಹವನ್ನಾದರೆ ಶುದ್ಧವಾಗಿ ಕನ್ನಡದಲ್ಲೇ ಬರೆಯುತ್ತಿದ್ದರು. ಪ್ರತಿಕ್ರಿಯೆ ಬರೆಯುವಾಗ ನಡುವೆ ಇಂಗ್ಲಿಷನ್ನೂ ಸೇರಿಸುತ್ತಿದ್ದರು. ಒಳಗೆ ನೋಡಿದರೆ ಎರಡೂ ಇಂಗ್ಲಿಷ್ ಅಕ್ಷರಗಳೇ ಆದ್ದರಿಂದ ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂದು ಪ್ರೋಗ್ರಾಮಿಗೆ ತಿಳಿಯುತ್ತಿರಲಿಲ್ಲ. ಎಲ್ಲವನ್ನೂ ಕನ್ನಡವೆಂದು ತಿರುಗಿಸಿ ಕಲಸುಮೇಲೋಗರ ಮಾಡುತ್ತಿತ್ತು. ಯಾರಾದರೂ ಕೂತು ಒಂದೊಂದನ್ನೇ ಓದಿ ಬೇರ್ಪಡಿಸಬೇಕಿತ್ತು. ಯಾರಾದರೂ ಎಂದರೆ ನಾನೇ.

ನಾನು ಕೂತೆ. ಅತಿ ಹೆಚ್ಚು ಜನ ಓದುವ ಬ್ಲಾಗುಗಳಿಂದ ಶುರು ಮಾಡಿದೆ. ಕವಿತೆಗಳ ಕೆಳಗೆ, ಅಡುಗೆಯ ಕೆಳಗೆ, ನೂರಾರು ಪ್ರತಿಕ್ರಿಯೆ. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಹೀಗೇ ಮುಂದುವರಿಸಿ. ನಾವೂ ಮನೆಯಲ್ಲಿ ಮಾಡಿದೆವು, ಉಪ್ಪು ಜಾಸ್ತಿಯಾಯಿತು. ನಾಲ್ಕನೆಯ ದಿನಕ್ಕೆ ನನ್ನ ಕಣ್ಣು ಉರಿಯತೊಡಗಿತು, ಕತ್ತು ತಿರುಗಿಸಲಾಗುತ್ತಿರಲಿಲ್ಲ. ಪಟ್ಟಿಯ ತುದಿ ಎಲ್ಲೂ ಕಾಣುತ್ತಿರಲಿಲ್ಲ.

ಆ ವಾರದ ಕೊನೆಗೆ ಊಟವಾದ ಮೇಲೆ ಸರ್ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಪ್ರೋಗ್ರಾಮಿಗೆ ಬಿಟ್ಟರೆ ಪ್ರತಿಕ್ರಿಯೆಗಳು ಕೆಡುತ್ತವೆ, ಕೈಯಿಂದ ಮಾಡಲು ಉಳಿದ ದಿನಗಳು ಸಾಲವು ಎಂದು ಎಂಜಿನಿಯರ್ ಹೇಳಿದರು. ಬೇಕಾದರೆ ಅವನ್ನು ಹಾಗೇ ಹಳೆಯ ರೂಪದಲ್ಲೇ ಇಳಿಸಿಟ್ಟುಕೊಳ್ಳಬಹುದು, ಆದರೆ ನಮ್ಮ ಸಂಪರ್ಕದ ವೇಗಕ್ಕೆ ಅದೇ ಎರಡು ಮೂರು ದಿನ ಹಿಡಿಯುತ್ತದೆ, ಅಷ್ಟು ಹೊತ್ತು ಬೇರೆ ಕೆಲಸ ನಿಲ್ಲುತ್ತದೆ ಎಂದೂ ಸೇರಿಸಿದರು. ಸರ್ ನನ್ನ ಕಡೆ ತಿರುಗಿದರು.

"ನೀವು ನೋಡಿದೀರಲ್ಲಮ್ಮ. ಏನಿರುತ್ತೆ ಅದರಲ್ಲಿ?"

"ಏನಿರುತ್ತೆ ಸರ್. ಚೆನ್ನಾಗಿದೆ, ಮುಂದುವರಿಸಿ, ಅಷ್ಟೇ."

"ಬಿಟ್ಟುಬಿಟ್ಟರೆ?"

"ಯಾರೂ ಕೇಳಲ್ಲ ಸರ್."

ಇಷ್ಟೇ ಮಾತು. ನಾನು ಸುಳ್ಳು ಹೇಳಲಿಲ್ಲ, ನೋಡಿದ್ದನ್ನು ಹೇಳಿದೆ. ನೋಡದೆ ಇದ್ದದ್ದನ್ನೂ ಅದರೊಳಗೆ ಸೇರಿಸಿ ಹೇಳುತ್ತಿದ್ದೇನೆ ಎಂದು ಆಗ ಹೊಳೆಯಲಿಲ್ಲ. ಕತ್ತು ನೋವು ತಪ್ಪಿತಲ್ಲ ಎಂದು ಹಗುರಾದದ್ದೂ ಉಂಟು. ಬ್ಲಾಗಿನ ಸದಸ್ಯರಿಗೆಲ್ಲ ಒಂದು ಕಾಗದ ಕಳಿಸಿದೆವು. ಬರಹಗಳು ಹೊಸ ಜಾಗಕ್ಕೆ ಬರುತ್ತವೆ, ಪ್ರತಿಕ್ರಿಯೆಗಳು ಬರುವುದಿಲ್ಲ, ಬೇಕಾದವರು ಈಗಲೇ ಉಳಿಸಿಕೊಳ್ಳಿ ಎಂದು. ಪ್ರತಿಕ್ರಿಯೆ ಬರೆದವರು ಸದಸ್ಯರಲ್ಲವಲ್ಲ, ಅವರಿಗೆ ಕಳಿಸಲು ವಿಳಾಸವಿರಲಿಲ್ಲ. ಅವರಿಗೂ ಹೇಳಬೇಕು ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಲೂ ಇಲ್ಲ.

ತಿಂಗಳ ಕೊನೆಗೆ ಹಳೆಯ ಯಂತ್ರ ನಿಂತಿತು. ಹೊಸ ಜಾಗದಲ್ಲಿ ಎಲ್ಲವೂ ಥಳಥಳ ಹೊಳೆಯುತ್ತಿತ್ತು. ಸರ್ ಅವತ್ತು ಮೈಸೂರು ಪಾಕ್ ತರಿಸಿದ್ದರು. ಫೋನ್ ಮಾಡಿದವರೆಲ್ಲ ಸಂತೋಷ ಪಟ್ಟರು. ಪ್ರತಿಕ್ರಿಯೆಯ ವಿಚಾರ ಯಾರೂ ಎತ್ತಲಿಲ್ಲ. ನಾನು ಹೇಳಿದ್ದು ಸರಿಯಾಯಿತು ಎಂದುಕೊಂಡೆ.

ನಾಲ್ಕು ದಿನ ಬಿಟ್ಟು ಯಾದವಗಿರಿಯ ಮೇಷ್ಟ್ರು ಫೋನ್ ಮಾಡಿದರು. ಮಾಮೂಲಿನಂತೆ ಕ್ಷಮೆ ಕೇಳಿ, ಅಕ್ಷರ ದೊಡ್ಡದಾಗಿ ಕಾಣುತ್ತಿದೆ, ನನ್ನಂಥ ಕಣ್ಣಿನವರಿಗೆ ಉಪಕಾರವಾಯಿತು ಎಂದರು. ಆಮೇಲೆ ಕೇಳಿದರು.

"ಕೆಳಗಡೆ ಒಬ್ಬಾಕೆ ಬರೀತಿದ್ರಲ್ಲಮ್ಮ, ಅವರದ್ದು ಎಲ್ಲಿ?"

ಪ್ರತಿಕ್ರಿಯೆಗಳು ಬರುವುದಿಲ್ಲ ಎಂದು ಕಾಗದ ಕಳಿಸಿದ್ದೆವಲ್ಲ ಸರ್ ಎಂದೆ. ಅವರು ಆ ಕಾಗದ ಓದಿದ್ದರಂತೆ. ಪ್ರತಿಕ್ರಿಯೆ ಎಂದರೆ ಭೇಷ್ ಎನ್ನುವುದು ಎಂದುಕೊಂಡಿದ್ದರಂತೆ. ಆಕೆಯದನ್ನು ಅವರು ಪ್ರತಿಕ್ರಿಯೆ ಎಂದು ಎಣಿಸಿಯೇ ಇರಲಿಲ್ಲ.

ಫೋನಿನಲ್ಲಿ ಅವರು ಹೇಳಿದ್ದನ್ನು ನಾನು ನಿಂತೇ ಕೇಳಿಸಿಕೊಂಡೆ. ಸುಮಾರು ಎರಡು ವರ್ಷದ ಹಿಂದೆ ಹೊಂಗೆ ಮರದ ಬಗ್ಗೆ ಅವರು ಬರೆದಿದ್ದ ಎರಡು ಪ್ಯಾರಾದ ಕೆಳಗೆ ಒಬ್ಬಾಕೆ ನಾಲ್ಕು ಸಾಲು ಬರೆದಿದ್ದಳು. ಹೆಸರಿನ ಜಾಗದಲ್ಲಿ "ಒಬ್ಬ ತಾಯಿ" ಎಂದಷ್ಟೇ ಇತ್ತು. ಹೊಂಗೆಯ ಹೂ ನೆಲದ ಮೇಲೆ ಬಿದ್ದದ್ದನ್ನು ನನ್ನ ಮಗಳು ಮಂಡಕ್ಕಿ ಎನ್ನುತ್ತಿದ್ದಳು ಎಂದು. ಆ ಮಗು ಆರು ವರ್ಷಕ್ಕೆ ಜ್ವರ ಬಂದು ಮೂರೇ ದಿನದಲ್ಲಿ ತೀರಿಕೊಂಡಿತ್ತು. ಮೇಷ್ಟ್ರು ಕೆಳಗೆ ಒಂದು ಸಾಲಿನ ಉತ್ತರ ಬರೆದರು. ಮುಂದಿನ ಬರಹಕ್ಕೆ ಆಕೆ ಇನ್ನೊಂದನ್ನು ಬರೆದಳು. ಹಾಗೇ ಬೆಳೆಯಿತು. ಅವರು ಸಂಪಿಗೆಯ ಬಗ್ಗೆ ಬರೆದರೆ ಸಂಪಿಗೆಗೆ ಸಂಬಂಧಪಟ್ಟ ಮಗುವಿನ ಮಾತು, ನೇರಳೆಯ ಬಗ್ಗೆ ಬರೆದರೆ ಬಣ್ಣ ಹಿಡಿದ ನಾಲಗೆಯ ಮಾತು. ಕೆಲವು ಸಲ ಅವರ ಬರಹಕ್ಕಿಂತ ಆಕೆಯದೇ ಉದ್ದ ಇರುತ್ತಿತ್ತು. ಕೊನೆಕೊನೆಗೆ ಆಕೆಗೆ ಯಾವುದು ನೆನಪಾದೀತು ಎಂದು ಯೋಚಿಸಿ ಅವರು ಗಿಡ ಹುಡುಕುತ್ತಿದ್ದರಂತೆ.

"ಆ ಮಗುವಿನ ಆರು ವರ್ಷವೂ ಅಲ್ಲೇ ಇತ್ತಮ್ಮ," ಎಂದರು.

ಫೋನ್ ಇಟ್ಟು ಎಂಜಿನಿಯರನ್ನು ಕೇಳಿದೆ. ಹಳೆಯ ಸರ್ವರಿನಲ್ಲಿದ್ದದ್ದನ್ನು ಅಳಿಸಿ ಆಗಿದೆ ಎಂದರು. ಸರ್ ಆ ಕಂಪನಿಗೆ ಫೋನ್ ಮಾಡಿದರು, ಮಾರನೆಯ ದಿನ ಮತ್ತೆ ಮಾಡಿದರು. ಆ ಯಂತ್ರಗಳು ಈಗ ನಮ್ಮ ಕೈಯಲ್ಲಿಲ್ಲ ಎಂಬ ಉತ್ತರ ಬಂತು. ಸರ್ ಅವರ ಬೀರುವಿನಲ್ಲಿ ಒಂದು ಸಿ.ಡಿ. ಇತ್ತು, ನಮ್ಮ ಎಲ್ಲ ಪುಟಗಳ ನಕಲು. ಅದನ್ನು ಹಾಕಿ ತೆರೆದೆ. ಅದು ಮೊದಲನೆಯ ವರ್ಷದ್ದು. ಮೇಷ್ಟ್ರ ಹೊಂಗೆ ಮರಕ್ಕಿಂತ ಮುಂಚಿನದು. ಪ್ರತಿಕ್ರಿಯೆ ಬಂದಾಗಲೆಲ್ಲ ಬ್ಲಾಗಿನವರಿಗೆ ಅದರ ನಕಲು ಇ-ಮೇಲಿನಲ್ಲಿ ಹೋಗುತ್ತಿತ್ತು ಎಂದು ನೆನಪಾಗಿ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರ ಇ-ಮೇಲಿನ ಪೆಟ್ಟಿಗೆ ಚಿಕ್ಕದು. ತುಂಬಿತು, ತುಂಬಿತು ಎಂದು ಎಚ್ಚರಿಕೆ ಬಂದಾಗಲೆಲ್ಲ ಬ್ಲಾಗಿನಲ್ಲಿ ಹೇಗೂ ಇದೆಯಲ್ಲ ಎಂದು ಅಳಿಸುತ್ತಾ ಬಂದಿದ್ದರು.

ಕೊನೆಗೆ ಸರ್ಚ್ ಎಂಜಿನ್ನಿನಲ್ಲಿ ಹುಡುಕಿದೆ. ಮಗಳು ಎನ್ನುವ ಪದ ಹಳೆಯ ಫಾಂಟಿನಲ್ಲಿ ಹೇಗೆ ಕಾಣುತ್ತದೆ ಎಂದು ನನಗೆ ಗೊತ್ತಿತ್ತಲ್ಲ, ಆ ಗೀಟು ಕೊಕ್ಕೆಗಳನ್ನೇ ಟೈಪ್ ಮಾಡಿ ಹುಡುಕಿದೆ. ಮೂರು ದಿನ ಹುಡುಕಿದ ಮೇಲೆ ಒಂದು ಸಿಕ್ಕಿತು. ಒತ್ತಿದರೆ ಪುಟವಿಲ್ಲ. ಆದರೆ ಹುಡುಕಾಟದ ಪಟ್ಟಿಯಲ್ಲಿ ಆ ಪುಟದ ಒಂದೆರಡು ಸಾಲು ಉಳಿದಿತ್ತು. ಗೀಟುಗಳನ್ನು ಓದುತ್ತಾ ಕಾಗದದ ಮೇಲೆ ಬರೆದುಕೊಂಡೆ. "ಹೂವು ಉದುರಿದರೆ ಗಿಡಕ್ಕೆ ನೋವಾಗಲ್ವಾ ಅಮ್ಮ ಅಂತ ಕೇಳಿದಳು. ಅದಕ್ಕೆ ನಾನು ಹೇಳಿದ್ದು". ಅಲ್ಲಿಗೆ ಸಾಲು ಮುಗಿದು ಮೂರು ಚುಕ್ಕೆ. ಮುಂದಿನ ವಾರ ಹುಡುಕಿದಾಗ ಅದೂ ಇರಲಿಲ್ಲ.

ಆಕೆಯೇ ಬಂದಳು. ಹೊಸ ಜಾಗಕ್ಕೆ ಹೋಗಿ ಮೂರು ವಾರವಾಗಿರಬೇಕು. ಬೆಳಿಗ್ಗೆ ಹತ್ತರ ಹೊತ್ತಿಗೆ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ಒಬ್ಬ ಹೆಂಗಸು ಒಳಗೆ ಬರಬಹುದಾ ಎಂದು ಕೇಳಿದಳು. ಮೂವತ್ತು ದಾಟಿರಲಿಲ್ಲವೇನೋ. ಇಲವಾಲದವಳು. ಅಲ್ಲಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ, ಕರಾರುಪತ್ರ ಟೈಪ್ ಮಾಡುವ ಕೆಲಸ. ನಮ್ಮ ಪುಟದ ಕೊನೆಯಲ್ಲಿದ್ದ ವಿಳಾಸ ನೋಡಿಕೊಂಡು ಬಸ್ಸು ಬದಲಾಯಿಸಿ ಬಂದಿದ್ದಳು. ಅವಸರವಿರಲಿಲ್ಲ, ಕೋಪವೂ ಇರಲಿಲ್ಲ.

"ಯಾದವಗಿರಿ ಮೇಷ್ಟ್ರ ಬ್ಲಾಗಲ್ಲಿ ಕೆಳಗಡೆ ನಾನು ಬರೀತಿದ್ದೆ ಮೇಡಂ. ಈಗ ಕಾಣುಸ್ತಾ ಇಲ್ಲ. ಬೇರೆ ಕಡೆ ಎಲ್ಲಾರ ಇಟ್ಟಿದೀರಾ ಅಂತ ಕೇಳೋಣ ಅಂದ್ಕಂಡ್ ಬಂದೆ."

ಕೂರಿಸಿ ನೀರು ಕೊಟ್ಟೆ. ಮೊದಲೇ ಯೋಚಿಸಿಟ್ಟುಕೊಂಡಿದ್ದ ಮಾತನ್ನು ಹೇಳಿದೆ. ತಾಂತ್ರಿಕ ಕಾರಣಗಳಿಂದ ಹಳೆಯ ಪ್ರತಿಕ್ರಿಯೆಗಳನ್ನು ತರಲಾಗಲಿಲ್ಲ ಎಂದೆ. ಆಕೆ ತಲೆಯಾಡಿಸಿದಳು. ಹಳೆಯ ಜಾಗದಲ್ಲಿ ಹೋಗಿ ನಾನೇ ಬರೆದುಕೊಂಡು ಬರಬಹುದಾ ಎಂದು ಕೇಳಿದಳು. ಹಳೆಯ ಜಾಗವೇ ಈಗ ಇಲ್ಲ ಎಂದೆ. ನಿಮ್ಮ ಹತ್ತಿರ ಬೇರೆ ಪ್ರತಿ ಇಲ್ಲವಾ ಎಂದು ಕೇಳಿದೆ.

"ಅಂಗಡಿ ಕಂಪ್ಯೂಟರ್ರು. ಅದ್ರಲ್ಲಿ ನಮ್ಮದು ಎಂಗೆ ಇಡಕಾಯ್ತದೆ? ಗಿರಾಕಿ ಇಲ್ದಾಗ ಅಲ್ಲೇ ಬರದು ಕಳುಸ್ಬುಡ್ತಿದ್ದೆ. ಮನೇಲಿ ಅವಳ ಮಾತು ಎತ್ತಂಗಿಲ್ಲ. ಅವಳಪ್ಪ ಫೋಟೋನೂ ತೆಗ್ದು ಒಳಗಿಟ್ಟವ್ರೆ, ನೋಡಕ್ಕಾಗಲ್ಲ ಅಂತ."

ನಾನು ಬರೆದುಕೊಂಡಿದ್ದ ಕಾಗದವನ್ನು ತೆಗೆದು ಕೊಟ್ಟೆ. ಇಷ್ಟು ಸಿಕ್ಕಿದೆ ಎಂದೆ. ಆಕೆ ಅದನ್ನು ಹತ್ತಿರ ಹಿಡಿದು ಓದಿದಳು. ಮತ್ತೆ ಮೊದಲಿಂದ ಓದಿದಳು. ನಾನು ಕೇಳಬಾರದಿತ್ತು, ಕೇಳಿದೆ.

"ಅವಳಿಗೆ ಏನು ಹೇಳಿದಿರಿ?"

ಆಕೆ ಕಿಟಕಿಯ ಕಡೆ ನೋಡಿದಳು. ಕೆಳಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ.

"ಗ್ಯಾಪಕ ಇಲ್ಲ ಅಕ್ಕ," ಎಂದಳು. "ಏನೋ ಒಂದು ಯೋಳಿದ್ದೆ, ನಕ್ಕಿದ್ಲು. ಬರೆಯೋವಾಗ ಗ್ಯಾಪಕ ಇತ್ತು. ಬರೆದಿಟ್ಟಿದೀನಲ್ಲ ಅಂತ ಆಮೇಲೆ ಮರ್ತ್ಬುಟ್ಟೆ."

ಮೇಡಂ ಎನ್ನುತ್ತಿದ್ದವಳು ಅಕ್ಕ ಎಂದದ್ದನ್ನು ನಾನು ಗಮನಿಸಿದೆ. ಅದಕ್ಕೆ ಯೋಗ್ಯಳಲ್ಲ ಎನ್ನುವುದೂ ತಿಳಿದಿತ್ತು.

ಮೇಷ್ಟ್ರು ಆಕೆಯನ್ನು ನೋಡಬೇಕು ಎಂದು ಹೇಳುತ್ತಲೇ ಇದ್ದರು. ನನಗೂ ಒಂದು ಯೋಚನೆ ಬಂದಿತ್ತು. ಅಷ್ಟನ್ನೂ ಓದಿದವರು ಜಗತ್ತಿನಲ್ಲಿ ಅವರೊಬ್ಬರೇ. ಅವರಿಗೆ ನೆನಪಿರುವುದನ್ನು ಹೇಳಿದರೆ ಈಕೆ ಬರೆದುಕೊಳ್ಳಬಹುದು. ಎರಡು ವಾರ ಬಿಟ್ಟು ಒಂದು ಭಾನುವಾರ ನಾನು ಬಸ್ ಸ್ಟ್ಯಾಂಡಿನಲ್ಲಿ ಆಕೆಯನ್ನು ಕೂಡಿಕೊಂಡು ಯಾದವಗಿರಿಗೆ ಕರೆದುಕೊಂಡು ಹೋದೆ. ಆಕೆ ಒಂದು ಹೊಸ ನೋಟ್ ಪುಸ್ತಕ, ಪೆನ್ನು ತಂದಿದ್ದಳು. ಗಂಡನಿಗೆ ಅಂಗಡಿಯ ಕೆಲಸ ಎಂದು ಹೇಳಿ ಬಂದಿದ್ದಳು.

ಮೇಷ್ಟ್ರು ಗೇಟಿನವರೆಗೆ ಬಂದು ಕೈಮುಗಿದರು. ವೆರಾಂಡದಲ್ಲಿ ಬೆತ್ತದ ಕುರ್ಚಿಗಳನ್ನು ಹಾಕಿಸಿದ್ದರು. ಅವರ ಹೆಂಡತಿ ಕಾಫಿ ತಂದುಕೊಟ್ಟು, ಆಕೆಯ ತಲೆ ಸವರಿ ಒಳಗೆ ಹೋದರು. ಎರಡು ವರ್ಷ ಮಾತಾಡಿಕೊಂಡಿದ್ದವರು ಎದುರುಬದುರು ಕೂತದ್ದು ಅದೇ ಮೊದಲು. ಮೇಷ್ಟ್ರೇ ಶುರು ಮಾಡಿದರು. ಮಂಡಕ್ಕಿಯ ವಿಷಯ ಹೇಳಿದರು, ನೇರಳೆಯ ವಿಷಯ ಹೇಳಿದರು. ಆಕೆ ಬರೆದುಕೊಂಡಳು. ಅವರಿಗೆ ಹುರುಪು ಬಂತು.

"ಅಳಿಲು ಕಂಡ್ರೆ ಹೆದರ್ತಿದ್ಲು ಅಂತ ಬರೆದಿದ್ರಿ, ಅಲ್ವೇನಮ್ಮ?"

ಆಕೆ ಪೆನ್ನು ನಿಲ್ಲಿಸಿದಳು. "ಇಲ್ಲ ಸರ್. ಎದರ್ತಿರಲಿಲ್ಲ."

ಮೇಷ್ಟ್ರು ತಡವರಿಸಿ, ಹಾಗಾದರೆ ಅದು ನಮ್ಮ ಮೊಮ್ಮಗಳಿರಬೇಕು ಎಂದರು. ಇನ್ನೊಂದನ್ನು ಹೇಳಿದರು, ಶಾಲೆಯ ಮೊದಲ ದಿನ ಬಾಗಿಲ ಹಿಂದೆ ಅಡಗಿಕೊಂಡದ್ದು. ಅದೂ ನಮ್ಮವಳಲ್ಲ ಎಂದು ಆಕೆ ಮೆಲ್ಲಗೆ ಹೇಳಿದಳು. ಅವರು ಕಣ್ಣು ಮುಚ್ಚಿಕೊಂಡು ಜ್ಞಾಪಿಸಿಕೊಂಡು, ಪಾರಿಜಾತದ ಹೂವನ್ನು ಎಂಜಲಿನಿಂದ ಕೆನ್ನೆಗೆ ಅಂಟಿಸಿಕೊಂಡು ಬಂದಳು ಅಂತ ಒಂದು ಇತ್ತು, ಇದಂತೂ ಖಂಡಿತ ನಿಮ್ಮದೇ ಎಂದರು.

ಆಕೆ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಇರಬೋದು ಸರ್," ಎಂದಳು. ಬರೆದುಕೊಳ್ಳಲಿಲ್ಲ.

ಮೇಷ್ಟ್ರಿಗೆ ಅದು ತಿಳಿಯಿತು. ಹೊರಡುವಾಗ ಗೇಟಿನ ಹತ್ತಿರ, ನನಗೂ ವಯಸ್ಸಾಯಿತಮ್ಮ ಎಂದು ಮಾತ್ರ ಅಂದರು.

ಬಸ್ ಸ್ಟಾಪಿನಲ್ಲಿ ಆಕೆ ನೋಟ್ ಪುಸ್ತಕವನ್ನು ಚೀಲದೊಳಗೆ ಹಾಕಿಕೊಂಡು ಹೇಳಿದಳು.

"ಇನ್ನು ಯಾರತ್ರಾನೂ ಕೇಳಬ್ಯಾಡಿ ಅಕ್ಕ. ಮೇಷ್ಟ್ರು ಯೋಳಿದ್ ಮೇಲೆ, ಪಾರಿಜಾತ ಅಂಟುಸ್ಕಂಡಿದ್ದು ನಂಗೂ ಕಂಡಂಗೇ ಆಯ್ತದೆ. ನಮ್ಮೂರಲ್ಲಿ ನಮ್ಮನೆ ಅಕ್ಕಪಕ್ಕ ಪಾರಿಜಾತನೇ ಇಲ್ಲ."

ಆ ಮೇಲೂ ನಾನು ಸುಮ್ಮನಿರಲಿಲ್ಲ. ಹೊಸ ತಂತ್ರಾಂಶದಲ್ಲಿ ಆಕೆಗೇ ಒಂದು ಬ್ಲಾಗ್ ತೆರೆದೆ. ಮೇಲೆ "ಒಬ್ಬ ತಾಯಿ" ಎಂದು ಹೆಸರು ಹಾಕಿದೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಂಡು ಇಲವಾಲಕ್ಕೆ ಹೋದೆ. ಹುಣಸೂರು ರಸ್ತೆಗೆ ಹೊಂದಿಕೊಂಡ ಸಣ್ಣ ಅಂಗಡಿ, ಜೆರಾಕ್ಸ್ ಯಂತ್ರದ ಬಿಸಿ, ಸಾಲಾಗಿ ಕಾಯುತ್ತಿದ್ದ ಜನ. ಅವರೆಲ್ಲ ಹೋದ ಮೇಲೆ ಆಕೆಯ ಪಕ್ಕದಲ್ಲಿ ಕೂತು ಯೂನಿಕೋಡಿನಲ್ಲಿ ಬರೆಯುವುದನ್ನು ತೋರಿಸಿಕೊಟ್ಟೆ. ಆಕೆ ಬೇಗ ಕಲಿತಳು, ನನಗಿಂತ ವೇಗವಾಗಿ ಟೈಪ್ ಮಾಡುತ್ತಿದ್ದಳು. ನನ್ನ ಮಗಳು ಎಂದು ಟೈಪ್ ಮಾಡಿದಳು. ಕರ್ಸರ್ ಮಿಟುಕುತ್ತಲೇ ಇತ್ತು. ಆಮೇಲೆ ಒಂದೊಂದೇ ಅಕ್ಷರ ಅಳಿಸಿದಳು. ಮೇಷ್ಟ್ರು ಒಂದು ಗಿಡ ಹೇಳುತ್ತಿದ್ದರು, ಅದರ ಹಿಂದೆ ಇದು ಬರುತ್ತಿತ್ತು, ಬರೀ ಬಿಳಿ ಹಾಳೆ ಮುಂದಿಟ್ಟರೆ ಏನೂ ಬರುವುದಿಲ್ಲ ಎಂದಳು. ಹಾಗಾದರೆ ಮೇಷ್ಟ್ರ ಬ್ಲಾಗಿನಲ್ಲೇ ಮತ್ತೆ ಬರೆಯಬಹುದಲ್ಲ ಎಂದೆ. ಆಕೆ ನನ್ನನ್ನು ನೋಡಿದ ರೀತಿಗೆ ನಾನು ಮಾತು ನಿಲ್ಲಿಸಿದೆ. ಮತ್ತೆ ಬರೆದರೆ ಅದು ಇರುತ್ತದೆ ಎಂದು ಯಾವ ಬಾಯಲ್ಲಿ ಹೇಳಲಿ?

ಎರಡನೆಯ ಸಲ ಹೋದಾಗ ಆಕೆ ನನ್ನನ್ನು ಬಸ್ ಸ್ಟಾಪಿನವರೆಗೆ ಬಿಡಲು ಬಂದಳು. ಸಂಜೆ ಐದರ ಹೊತ್ತು. ಶಾಲೆ ಬಿಟ್ಟ ಮಕ್ಕಳು ರಸ್ತೆಯ ಬದಿಯಲ್ಲಿ ಹೋಗುತ್ತಿದ್ದರು. ಒಳಗೆ ಇಟ್ಟುಕೊಂಡದ್ದು ಅಷ್ಟು ದಿನದಿಂದ ನನ್ನನ್ನು ತಿನ್ನುತ್ತಿತ್ತು. ಹೇಳಿಬಿಟ್ಟೆ. ತಾಂತ್ರಿಕ ಕಾರಣ ಎಂದದ್ದು ಪೂರ್ತಿ ನಿಜವಲ್ಲ ಎಂದೆ. ಎರಡು ಮೂರು ದಿನ ಬೇರೆ ಕೆಲಸ ನಿಲ್ಲಿಸಿದ್ದರೆ ಹಾಗೇ ಇಳಿಸಿಟ್ಟುಕೊಳ್ಳಬಹುದಿತ್ತು, ಅದರಲ್ಲಿ ಏನಿದೆ ಎಂದು ಸರ್ ಕೇಳಿದಾಗ, ಏನೂ ಇಲ್ಲ ಎಂದು ಹೇಳಿದವಳು ನಾನೇ ಎಂದೆ. ನಿಮ್ಮ ಬರಹದ ಒಂದು ಸಾಲನ್ನೂ ಓದದೆ ಹೇಳಿದೆ ಎಂದೆ. ಹೇಳುತ್ತಾ ಹೇಳುತ್ತಾ ಅಳು ಬಂತು.

ಆಕೆ ಅಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಬಿಡಿಸುತ್ತಾ ನಿಂತಿದ್ದಳು.

"ಇದ್ನ ಯಾಕೆ ಯೋಳಿದ್ರಿ ಅಕ್ಕ?" ಎಂದಳು. "ಕಂಪ್ಯೂಟರ್ ಕೆಟ್ಟೋಗಿ ಹೋಯ್ತು ಅಂದ್ಕಂಡಿದ್ದೆ. ಅವಳು ಜ್ವರ ಬಂದು ಹೋದಂಗೆ, ಅದೂ ಯಾರ ಕೈಲೂ ಇರಲಿಲ್ಲ ಅಂತ. ಅಂಗೇ ಇರಲಿ ಅಂತ ಬುಡಬೇಕಿತ್ತು ನೀವು."

ಬಸ್ಸು ಬಂತು. ಹತ್ತಿ ಹುಷಾರಾಗಿ ಹೋಗಿ ಎಂದಳು, ಎಂದಿನಂತೆಯೇ. ಹತ್ತಿ ಕೂತು ಕಿಟಕಿಯಿಂದ ನೋಡಿದೆ. ಆಕೆ ಆಗಲೇ ಅಂಗಡಿಯ ಕಡೆ ತಿರುಗಿ ನಡೆಯುತ್ತಿದ್ದಳು. ಬಸ್ಸಿನಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನನ್ನ ಭಾರ ಇಳಿಸಿಕೊಳ್ಳಲಿಕ್ಕೆ ಆಕೆಯ ಹೆಗಲನ್ನು ಹುಡುಕಿಕೊಂಡು ಅಷ್ಟು ದೂರ ಹೋಗಿದ್ದೆ. ಭಾರವೇನೂ ಇಳಿದಿರಲಿಲ್ಲ.

ಆ ಮೇಲೆ ನಾನು ಇಲವಾಲಕ್ಕೆ ಹೋಗಲಿಲ್ಲ. ಆಕೆಯೂ ಬರಲಿಲ್ಲ. ಮೇಷ್ಟ್ರು ಒಂದು ವರ್ಷದಷ್ಟು ಕಾಲ ಬರೆದರು. ಹೊಂಗೆ ಮತ್ತೆ ಹೂ ಬಿಟ್ಟಾಗ ಅದರ ಬಗ್ಗೆಯೇ ಎರಡು ಸಲ ಬರೆದರು. ಕೆಳಗೆ ಏನೂ ಬರಲಿಲ್ಲ. ಆಮೇಲೆ ವಾರಕ್ಕೊಂದಾಯಿತು, ತಿಂಗಳಿಗೊಂದಾಯಿತು, ನಿಂತಿತು. ಜನ ಒಬ್ಬೊಬ್ಬರಾಗಿ ದೊಡ್ಡ ಕಂಪನಿಗಳ ಬ್ಲಾಗುಗಳಿಗೆ, ಆಮೇಲೆ ಬೇರೆ ಬೇರೆ ಜಾಲತಾಣಗಳಿಗೆ ಹೋದರು. ಅಷ್ಟು ಕಷ್ಟಪಟ್ಟು ಸಾಗಿಸಿದ ಬರಹಗಳನ್ನು ಓದುವವರಿಲ್ಲದೆ ಸರ್ ಸೇವೆಯನ್ನು ಮುಚ್ಚಿದರು. ಅವರು ನನ್ನನ್ನು ಎಂದೂ ಒಂದು ಮಾತೂ ಅನ್ನಲಿಲ್ಲ. ನಿರ್ಧಾರ ನನ್ನದು, ನೀವು ಬರೀ ಕೇಳಿದ್ದಕ್ಕೆ ಹೇಳಿದಿರಿ ಎಂದು ಸಮಾಧಾನ ಮಾಡಲು ನೋಡಿದರು. ಅವರ ದೊಡ್ಡತನ ನನಗೆ ಇನ್ನಷ್ಟು ಕಷ್ಟವಾಯಿತು.

ನಾನು ಮತ್ತೆ ಡಿ.ಟಿ.ಪಿ. ಕೆಲಸಕ್ಕೆ ಹೋದೆ. ಈಗ ಟೈಪ್ ಮಾಡುವಾಗ ಪ್ರತಿಯೊಂದು ಸಾಲನ್ನೂ ಗಮನವಿಟ್ಟು ಓದುತ್ತೇನೆ. ಅದರಿಂದ ಕೈ ನಿಧಾನವಾಗಿದೆ, ಬೈಸಿಕೊಳ್ಳುತ್ತೇನೆ. ಓದಬೇಕಾಗಿದ್ದ ದಿನ ಓದಲಿಲ್ಲ.

ಆ ಮಗುವಿನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಯಾದವಗಿರಿಯ ವೆರಾಂಡದಲ್ಲಿ, ಅಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ ಅಷ್ಟು ಹೊತ್ತು ಜೊತೆಗಿದ್ದರೂ ನಾನಾಗಲಿ ಮೇಷ್ಟ್ರಾಗಲಿ ಅದನ್ನು ಕೇಳಲೇ ಇಲ್ಲ.